ನಾನು ಸಾಕಿದ ಬೂಜು

ಮಳೆಯ ಒಂದು ಹನಿಯೂ ಇರಲಿಲ್ಲ. ಆದರೂ ಡ್ರೈವರಣ್ಣ ವೈಪರ್ ಹಾಕಿದರು.

ಒಣಗಾಜಿನ ಮೇಲೆ ರಬ್ಬರು ಕಿರ್ರೆಂದು ಎರಡು ಸಲ ಆಚೀಚೆ ಹೋಗಿ ಬಂತು. ನಂಗಲಿಯಲ್ಲಿ ಕಣ್ಣಿನ ಕ್ಯಾಂಪ್ ಮುಗಿಸಿ ಮುಳಬಾಗಿಲಿಗೆ ವಾಪಸು ಬರುತ್ತಿದ್ದೆವು. ಮಧ್ಯಾಹ್ನ ಇಳಿಯುವ ಹೊತ್ತು, ಹೈವೇ ತುಂಬ ಬಿಸಿಲು. ನಾನು ಪಕ್ಕದ ಸೀಟಿನಲ್ಲಿ ಕೂತು ಆ ದಿನದ ಹಾಳೆಗಳನ್ನು ಜೋಡಿಸುತ್ತಿದ್ದೆ.

"ಯಾಕಣ್ಣ ವೈಪರು?" ಎಂದೆ, ತಲೆ ಎತ್ತದೆ.

"ಗಾಜಿಗೆ ಬೂಜು ಕಟ್ಟಿದೆ ಪಾಪ."

ಆ ಕಡೆಯ ಹಿರಿಯರು ಹುಡುಗಿಯರನ್ನು ಪಾಪ ಎಂದೇ ಕರೆಯುತ್ತಾರೆ, ಹುಡುಗಿಗೆ ಇಪ್ಪತ್ತೇಳು ತುಂಬಿದ್ದರೂ. ಇನ್ನೊಮ್ಮೆ ವೈಪರ್ ಕಿರ್ರೆಂದಿತು. ಆಮೇಲೆ ಅವರ ಸ್ವರ ಬದಲಾಯಿತು.

"ಪಾಪ, ಗಾಜಲ್ಲ. ಕಣ್ಣೇ. ಪೂರಾ ಬಿತ್ತು. ನಂಗೇನೂ ಕಾಣ್ತಿಲ್ಲ."

ತಲೆ ಎತ್ತಿದಾಗ ವ್ಯಾನು ಎಡಕ್ಕೆ ವಾಲುತ್ತಿತ್ತು. ಎಡಗಡೆ ಟೀ ಅಂಗಡಿಗಳ ಎದುರು ಲಾರಿಗಳು ಸಾಲಾಗಿ ನಿಂತಿದ್ದವು. ಮೊದಲನೆಯದು ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡಿದ್ದ ಲಾರಿ. ಅದರ ಹಿಂಭಾಗದ ಹಲಗೆಯ ಮೇಲೆ ಬರೆದಿದ್ದ ಅಕ್ಷರಗಳ ಬಣ್ಣ ಎಲ್ಲೆಲ್ಲಿ ಕಿತ್ತಿತ್ತು ಎಂದು ಇವತ್ತು ಕೇಳಿದರೂ ಹೇಳಬಲ್ಲೆ. ನನಗೆ ಆಗ ಗಾಡಿ ಓಡಿಸಲು ಬರುತ್ತಿರಲಿಲ್ಲ. ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು ಬಲಕ್ಕೆ ಎಳೆದೆ. ಲಾರಿಯ ಮೂಲೆಗೆ ತಾಗಿ ನನ್ನ ಪಕ್ಕದ ಕನ್ನಡಿ ಚೂರಾಯಿತು. ಹಿಂದಿನಿಂದ ಬಂದ ಬಸ್ಸು ಹಾರನ್ ಒತ್ತಿದಾಗ ಹೆದರಿ ಮತ್ತೆ ಎಡಕ್ಕೆ ಎಳೆದೆ. "ಬ್ರೇಕ್ ಅಣ್ಣಾ, ಬ್ರೇಕ್!" ಎಂದು ಕಿರುಚಿದ್ದು ನಾನೇ ಎಂದು ಆಮೇಲೆ ಗೊತ್ತಾಯಿತು. ಲಾರಿಗಳ ಸಾಲು ಮುಗಿದ ಕಡೆ ಸುರಿದಿದ್ದ ಮಣ್ಣಿನ ಗುಡ್ಡೆಗೆ ಮೂತಿ ತೂರಿಸಿ ವ್ಯಾನು ನಿಂತಿತು.

ಡ್ರೈವರಣ್ಣ ಕಣ್ಣು ಅಗಲಿಸಿಕೊಂಡು ನೇರ ನೋಡುತ್ತ ಕೂತಿದ್ದರು. ವೈಪರ್ ಇನ್ನೂ ಓಡುತ್ತಿತ್ತು. ಅದನ್ನು ನಿಲ್ಲಿಸುವ ಗುಂಡಿ ಯಾವುದೆಂದು ನನಗೆ ತಿಳಿಯಲಿಲ್ಲ.

ಯಾರಿಗೂ ಏನೂ ಆಗಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅವರು ಹಾಗೆ ಹೇಳಿದಾಗಲೆಲ್ಲ ನನಗೆ ಒಬ್ಬ ಮನುಷ್ಯನ ಮುಖ ನೆನಪಾಗುತ್ತದೆ. ಅದು ಡ್ರೈವರಣ್ಣನ ಮುಖವಲ್ಲ.

ನಾನು ಮಾಲೂರು ತಾಲ್ಲೂಕಿನ ಮಾಸ್ತಿಯವಳು. ಕಣ್ಣಿನ ಪರೀಕ್ಷೆಯ ಡಿಗ್ರಿ ಮುಗಿಸಿ ಒಂದು ಸಂಶೋಧನೆಯ ಕೆಲಸಕ್ಕೆ ಸೇರಿದ್ದೆ. ಸಕ್ಕರೆ ಕಾಯಿಲೆ ಇದ್ದವರ ಕಣ್ಣಿನ ಹಿಂಗೋಡೆಯ ಪರದೆಯಲ್ಲಿ ಕೂದಲೆಳೆಯಂಥ ರಕ್ತನಾಳಗಳಿರುತ್ತವೆ. ಅವು ಹೇಗೆ ಕೆಡುತ್ತವೆ, ಯಾರ ಕಣ್ಣಿನಲ್ಲಿ ಮೊದಲು ಕೆಡುತ್ತವೆ ಎಂದು ಹಳ್ಳಿ ಹಳ್ಳಿಗೆ ಕ್ಯಾಮೆರಾ ಒಯ್ದು ಫೋಟೋ ತೆಗೆದು ನೋಡುವುದು ನಮ್ಮ ಕೆಲಸ. ಜನ ಅದನ್ನು ಕಣ್ಣಿನ ಎಕ್ಸ್‌ರೇ ಎನ್ನುತ್ತಿದ್ದರು. ಗದ್ದ ಇಟ್ಟು, ಹಣೆ ಒತ್ತಿ, ಒಂದು ಮಿಂಚು. ಪರದೆಯ ಮೇಲೆ ಕಿತ್ತಳೆ ಬಣ್ಣದ ದುಂಡು ಬಯಲು, ಅದರೊಳಗೆ ಕವಲೊಡೆದ ನಾಳಗಳು.

ಹಳೆಯ ನಾಳ ಕೆಟ್ಟಾಗ ಕಣ್ಣು ಹೊಸ ನಾಳಗಳನ್ನು ಹುಟ್ಟಿಸಿಕೊಳ್ಳುತ್ತದೆ. ಕೇಳಲು ಒಳ್ಳೆಯದೆನಿಸುತ್ತದೆ. ಆದರೆ ಅವು ಬಲವಿಲ್ಲದವು, ಒಂದು ದಿನ ಒಡೆಯುತ್ತವೆ. ಪೂರ್ತಿ ಒಡೆಯುವ ಮುಂಚೆ ಸ್ವಲ್ಪ ಸ್ವಲ್ಪ ರಕ್ತ ಜಿನುಗುತ್ತದೆ. ಆಗ ಆ ಮನುಷ್ಯನಿಗೆ ಕಣ್ಣೆದುರು ಎಳೆ ಎಳೆಯಾಗಿ ಏನೋ ತೇಲಿದ ಹಾಗೆ ಕಾಣುತ್ತದೆ. ಅದೊಂದು ಮುನ್ಸೂಚನೆ. ಆ ಹೊತ್ತಿಗೆ ಲೇಸರ್ ಹೊಡೆದರೆ ಕಣ್ಣು ಉಳಿಯುತ್ತದೆ. ನಮ್ಮ ಇಡೀ ಸಂಶೋಧನೆ ಹುಡುಕುತ್ತಿದ್ದುದು ಇಂಥವರನ್ನೇ. ಸಿಕ್ಕವರಿಗೆ ಒಂದು ಚೀಟಿ ಕೊಟ್ಟರೆ ಸಾಕು, ಸಂಶೋಧನೆ ನಡೆಸುತ್ತಿದ್ದ ಬೆಂಗಳೂರಿನ ಆಸ್ಪತ್ರೆ ಅವರನ್ನು ಸಾಲಿನಲ್ಲಿ ನಿಲ್ಲಿಸದೆ ಒಳಗೆ ಕರೆದುಕೊಳ್ಳುತ್ತಿತ್ತು.

ಚೀಟಿಗೆ ಸಹಿ ಹಾಕಬೇಕಾದವರು ನಮ್ಮ ಕೋಆರ್ಡಿನೇಟರ್. ಬೇರೆ ಜಿಲ್ಲೆಯವರು, ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ಶರ್ಟು. ಮುಳಬಾಗಿಲಿನಲ್ಲಿ ಬಾಡಿಗೆಗೆ ಹಿಡಿದಿದ್ದ ನಮ್ಮ ಆಫೀಸಿನಲ್ಲಿ ಕಿಟಕಿಯ ಪಕ್ಕದ ತಿರುಗುವ ಕುರ್ಚಿ ಅವರದು. ಕ್ಯಾಂಪ್‌ಗೆ ಹೋಗುವ ನಮಗೆಲ್ಲ ಅವರೇ ಒಂದು ಶಬ್ದಪಟ್ಟಿ ಮಾಡಿಕೊಟ್ಟಿದ್ದರು. ಜನ ಹೇಳುವ ಮಾತು ಒಂದು ಕಡೆ, ಅದಕ್ಕೆ ನಾವು ಗುರುತು ಹಾಕಬೇಕಾದ ಕಾಲಂ ಇನ್ನೊಂದು ಕಡೆ. "ಮಂಜು" ಎಂದರೆ ಒಂದು ಕಾಲಂ, "ಪೊರೆ" ಎಂದರೆ ಒಂದು. "ಬೂಜು" ಎಂದರೆ ಸೋಂಕು.

ಸೋಂಕು ಎಂದು ಗುರುತು ಬಿದ್ದವರು ಕ್ಯಾಮೆರಾದ ಹತ್ತಿರ ಬರುವಂತಿಲ್ಲ. ಅವರ ಗದ್ದ ತಾಗಿದ ಕಡೆ ಇನ್ನೊಬ್ಬರ ಗದ್ದ ತಾಗುತ್ತದಲ್ಲ, ಅದಕ್ಕೆ. ಒಂದು ಬಾಟಲಿ ಡ್ರಾಪ್ಸ್ ಕೊಟ್ಟು ಮನೆಗೆ ಕಳಿಸುವುದು. ನನಗೂ ಅದು ಸರಿಯೆಂದೇ ತೋರಿತ್ತು. ರಾಗಿ ಒಕ್ಕುವಾಗ ಹೊಟ್ಟು ತಾಗಿ ಕಣ್ಣಿಗೆ ಬೂಷ್ಟು ಹಿಡಿಯುವುದುಂಟು ಎಂದು ಓದಿದ್ದೆ. ಮಾಸ್ತಿಯ ನಮ್ಮ ಮನೆಯಲ್ಲಿ ಬೂಜು ಎಂದರೆ ಉಪ್ಪಿನಕಾಯಿಗೆ, ಹಳೆಯ ಹಿಟ್ಟಿಗೆ ಹಿಡಿಯುವ ಬೂಷ್ಟು. ಕೋಆರ್ಡಿನೇಟರ್ ಮನೆಯಲ್ಲೂ ಹಾಗೇ ಇದ್ದಿರಬೇಕು. ಹಾಗಾಗಿ ಮುಳಬಾಗಿಲಿನ ಕಡೆಯೂ ಶ್ರೀನಿವಾಸಪುರದ ಕಡೆಯೂ "ಕಣ್ಣಲ್ಲಿ ಬೂಜು ಕಟ್ತೈತಮ್ಮ" ಎಂದವರಿಗೆಲ್ಲ ನಾನು ನನ್ನ ಕೈಯಾರೆ ಬಾಟಲಿಯ ಮೇಲೆ "ದಿನಕ್ಕೆ ಮೂರು ಸಲ" ಎಂದು ಬರೆದು ಕೊಟ್ಟೆ.

ಗೊತ್ತಾದದ್ದು ಹಬ್ಬದ ಹಿಂದಿನ ವಾರ. ಶ್ರೀನಿವಾಸಪುರದ ಹತ್ತಿರ ಒಂದು ಮನೆಯ ಜಗುಲಿಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆ. ಒಳಗಿನಿಂದ ಅತ್ತೆ ಸೊಸೆಗೆ ಹೇಳುವುದು ಕೇಳಿಸಿತು.

"ಆ ಮೂಲೆ ಬೂಜು ಹೊಡಿಯೇ ಮೊದ್ಲು. ಕೋಲು ಉದ್ದ ಸಾಲಲ್ಲ ಅಂದ್ರೆ ಸ್ಟೂಲ್ ಹಾಕ್ಕೋ."

ಬಗ್ಗಿ ನೋಡಿದೆ. ಸೊಸೆ ಬಿದಿರು ಕೋಲಿಗೆ ಪೊರಕೆ ಕಟ್ಟಿ ಸೂರಿನ ಮೂಲೆಯ ಜೇಡರ ಬಲೆ ತೆಗೆಯುತ್ತಿದ್ದಳು. ನಮ್ಮ ಮನೆಯಲ್ಲಿ ಇಲ್ಲಣ ಎನ್ನುವುದಕ್ಕೆ, ತೆಲುಗು ಬೆರೆತ ಇವರ ಮಾತಿನಲ್ಲಿ ಬೂಜು. ಬೂದು ಬಣ್ಣದ ಎಳೆಗಳು ಕೋಲಿನ ತುದಿಯಲ್ಲಿ ತೇಲುತ್ತ ಕೆಳಗಿಳಿದವು. ಕಣ್ಣೆದುರು ಎಳೆ ಎಳೆಯಾಗಿ ತೇಲುವುದು. ಕೈಯಲ್ಲಿದ್ದ ಪೆನ್ನು ಬಿತ್ತು.

ಆ ಸಂಜೆಯೇ ಕೋಆರ್ಡಿನೇಟರ್ ಎದುರು ನಿಂತೆ. "ಸಾರ್, ನಾವು ಯಾರನ್ನ ಹುಡುಕ್ತಿದೀವೋ ಅವರನ್ನೇ ವಾಪಸ್ ಕಳಿಸ್ತಿದೀವಿ" ಎಂದು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿದರು ಎನ್ನುವುದನ್ನು ನಾನು ಒತ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಆಮೇಲೆ ತನಗೆ ಯಾರೂ ಹೇಳಲೇ ಇಲ್ಲ ಎಂದರು.

"ನೋಡಿ ಮೇಡಂ, ಅರ್ಧದಾರೀಲಿ ಪಟ್ಟಿ ಬದಲಾಯಿಸಿದ್ರೆ ಹಿಂದಿನದೆಲ್ಲ ಹಾಳು. ಇಷ್ಟು ದಿನ ಮಾಡಿದ್ದು ತಪ್ಪು ಅಂತ ನಾವೇ ಬರ್ಕೊಟ್ಟ ಹಾಗೆ. ಡಿಗ್ರಿ ಓದಿದೀರಿ, ಇಷ್ಟೂ ಗೊತ್ತಾಗಲ್ವಾ?"

"ಅವರ ಕಣ್ಣು ಸಾರ್..."

"ಕಣ್ಣು ಎಲ್ಲಿಗೂ ಹೋಗಲ್ಲ. ಮುಂದಿನ ಹಂತದಲ್ಲಿ ನೋಡೋಣ."

ಹೀಗೆ ಹೇಳುವಾಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರು. ಅವರ ತಲೆಯ ನೇರಕ್ಕೆ ಮೇಲೆ, ಛಾವಣಿಯ ಮೂಲೆಯಲ್ಲಿ, ಒಂದು ಪುಟ್ಟ ಬೂಜು ಕಟ್ಟಿತ್ತು.

ಮರುದಿನ ಆಫೀಸು ಗುಡಿಸುವ ಅಕ್ಕ ಕೋಲು ತಂದಾಗ ಆ ಮೂಲೆಯೊಂದನ್ನು ಬಿಡು ಎಂದೆ.

"ಯಾಕಮ್ಮ, ಸಾಕ್ತೀಯಾ?"

"ಹೂಂ ಅಕ್ಕ, ಸಾಕ್ತೀನಿ."

"ಸಾಕು ಸಾಕು. ಹಾಲು ಗೀಲು ಹಾಕ್ಬೇಕಾದ್ರೆ ಹೇಳು," ಎಂದು ನಕ್ಕಳು.

ಅದೊಂದು ಚಿಲ್ಲರೆ ಸೇಡು, ಗೊತ್ತಿದೆ. ಅವರ ತಲೆಯ ಮೇಲೆ ಅವರ ತಪ್ಪು ದಿನದಿನ ದೊಡ್ಡದಾಗುವುದನ್ನು ನೋಡುವುದು ನನಗೆ ಬೇಕಾಗಿತ್ತು. ಅದು ದೊಡ್ಡದಾಯಿತು ಕೂಡ. ಅವರು ಒಂದು ದಿನವೂ ತಲೆ ಎತ್ತಿ ನೋಡಲಿಲ್ಲ.

ಅದೇ ವಾರ ವ್ಯಾನಿನಲ್ಲಿ ಹೋಗುತ್ತ ಡ್ರೈವರಣ್ಣನಿಗೂ ಈ ಕಥೆ ಹೇಳಿದೆ. ಅವರು ಶ್ರೀನಿವಾಸಪುರದ ಕಡೆಯವರು, ಮನೆಮಾತು ತೆಲುಗು, ಐವತ್ತು ದಾಟಿದವರು. ಶುಗರ್ ಬಂದು ಎಷ್ಟು ವರ್ಷವಾಯಿತೆಂದು ಅವರಿಗೇ ಲೆಕ್ಕವಿರಲಿಲ್ಲ. ಕಥೆ ಕೇಳಿ ನಕ್ಕರು.

"ಅಯ್ಯೋ, ನಂಗೂ ಇದೆಯಲ್ಲ ಪಾಪ ಆ ಬೂಜು. ಬಲಗಣ್ಣಲ್ಲಿ. ಎಡಗಣ್ಣು ಮೊದ್ಲಿಂದ್ಲೂ ಸ್ವಲ್ಪ ಮಂಜು."

"ಏನಣ್ಣಾ! ಸಾರ್‌ಗೆ ಹೇಳಿದ್ರಾ?"

"ಹೇಳ್ದೆನಲ್ಲ. ಹಾಳೆ ಮೇಲೆ ಬರ್ಕೊಂಡ್ರು, ಡ್ರಾಪ್ಸ್ ಕೊಟ್ರು. ಚೆನ್ನಾಗಿ ಮುಖ ತೊಳ್ಕೋ, ಕೊಳಕು ಮಾಡ್ಕೋಬೇಡ ಅಂದ್ರು." ಗೇರು ಬದಲಿಸಿ ಸೇರಿಸಿದರು: "ನಾನು ದಿನಾ ಸ್ನಾನ ಮಾಡ್ತೀನಿ ಪಾಪ."

ನಮ್ಮ ವ್ಯಾನಿನ ಹಿಂದುಗಡೆಯೇ ಕ್ಯಾಮೆರಾ ಇತ್ತು. ಅಲ್ಲೇ ಮರದ ನೆರಳಿನಲ್ಲಿ ನಿಲ್ಲಿಸಿ ಫೋಟೋ ತೆಗೆಯಬಹುದಿತ್ತು. ಆದರೆ ಸಿಬ್ಬಂದಿಯ ಕಣ್ಣಿಗೆ ಕ್ಯಾಮೆರಾ ಬಳಸಬಾರದು ಎಂಬ ನಿಯಮವಿತ್ತು, ಕ್ಯಾಂಪ್‌ಗೂ ತಡವಾಗಿತ್ತು. "ಶನಿವಾರ ಆಫೀಸಲ್ಲಿ ಯಾರೂ ಇರಲ್ಲ ಅಣ್ಣ, ಅವತ್ತು ತೆಗೀತೀನಿ" ಎಂದೆ.

ವ್ಯಾನು ಮಣ್ಣಿನ ಗುಡ್ಡೆಗೆ ನುಗ್ಗಿದ್ದು ಶುಕ್ರವಾರ.

ಲಾರಿಯವರೇ ನಮ್ಮನ್ನು ಹೊರಗೆಳೆದು ನೀರು ಕೊಟ್ಟರು. ಒಬ್ಬರು ವ್ಯಾನನ್ನು ಮುಳಬಾಗಿಲಿನವರೆಗೆ ಓಡಿಸಿಕೊಟ್ಟರು. ಆಫೀಸು ತಲುಪಿದ ಕೂಡಲೇ ಕ್ಯಾಮೆರಾದ ಪೆಟ್ಟಿಗೆ ಬಿಚ್ಚಿ ಡ್ರೈವರಣ್ಣನ ಗದ್ದವನ್ನು ಅದರ ಮೇಲಿಟ್ಟೆ. ಮೊದಲ ಎರಡು ಫೋಟೋ ಮಸುಕಾದವು. ಮೂರನೆಯದರಲ್ಲಿ ಬಲಗಣ್ಣು ಬಂತು. ಕಿತ್ತಳೆ ಬಯಲಿನ ನಟ್ಟನಡುವೆ ಕಪ್ಪುಗೆಂಪು ರಕ್ತ, ಮೇಲೆ ಸಮತಟ್ಟು, ಕೆಳಗೆ ದುಂಡು, ದೋಣಿಯ ಹಾಗೆ. ನೋಟ ಕೂರುವ ಜಾಗದ ಮೇಲೆಯೇ ಆ ದೋಣಿ ನಿಂತಿತ್ತು. ಎಡಗಣ್ಣಿನಲ್ಲಿ ಇನ್ನೂ ಒಡೆದಿರಲಿಲ್ಲ. ಆದರೆ ಹೊಸ ನಾಳಗಳು ಜಡೆಗಟ್ಟಿಕೊಂಡು ಸಿದ್ಧವಾಗಿದ್ದವು.

ಅಷ್ಟರಲ್ಲಿ ಕೋಆರ್ಡಿನೇಟರ್ ಬಂದರು. ವ್ಯಾನು ನೋಡಿದರು, ಕನ್ನಡಿ ನೋಡಿದರು, ಕ್ಯಾಮೆರಾ ನೋಡಿದರು. ಕೊನೆಗೆ ಡ್ರೈವರಣ್ಣನ ಎದುರು ಒಂದು ಬಿಳಿ ಹಾಳೆ ಇಟ್ಟರು.

"ನಿದ್ದೆ ಬಂದು ಹೀಗಾಯ್ತು ಅಂತ ಬರ್ಕೊಡು. ಕೆಲಸ ಉಳಿಯುತ್ತೆ. ಕಣ್ಣು ಗಿಣ್ಣು ಅಂದ್ರೆ ಲೈಸೆನ್ಸೇ ಹೋಗುತ್ತೆ ನೋಡು."

"ನಂಗೆ ನಿದ್ದೆ ಬಂದಿರ್ಲಿಲ್ಲ ಸಾರ್."

"ಬಂದಿತ್ತು ಅಂತ ಬರಿ ಅಂದೆ."

ಕ್ಯಾಮೆರಾದ ಮಿಂಚು ತಾಗಿದ ಎಡಗಣ್ಣಿನ ಮಂಜಿನಲ್ಲಿ ಡ್ರೈವರಣ್ಣನಿಗೆ ಹಾಳೆಯ ಅಂಚು ಕಾಣುತ್ತಿರಲಿಲ್ಲ. ಬೆರಳಿನಿಂದ ತಡವಿಕೊಂಡು, ಎಲ್ಲಿಂದ ಬರೆಯಲಿ ಎಂದು ಕೇಳಿದರು. ಆ ಮನುಷ್ಯ ಅವರ ಕೈ ಹಿಡಿದು ಪೆನ್ನಿನ ತುದಿಯನ್ನು ಜಾಗಕ್ಕೆ ಇಟ್ಟುಕೊಟ್ಟರು. ಎಷ್ಟು ಮೃದುವಾಗಿ ಇಟ್ಟರೆಂದರೆ, ಹೊರಗಿನವರು ನೋಡಿದ್ದರೆ ಸಹಾಯ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಆ ಕೈ ನನಗೆ ಲಾರಿಯ ಹಲಗೆಗಿಂತ ಸ್ಪಷ್ಟವಾಗಿ ನೆನಪಿದೆ. ಅವತ್ತು ನಾನು ಅಂದುಕೊಂಡದ್ದು ಒಂದೇ: ಇವನನ್ನು ಬಿಡಬಾರದು. ಮನಸ್ಸಿನಲ್ಲಿ ಅವರು ಇವನಾದದ್ದು ಆವಾಗಲೇ.

ಶನಿವಾರ ಡ್ರೈವರಣ್ಣನನ್ನು ಬಸ್ಸಿನಲ್ಲಿ ಕೋಲಾರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಎರಡೂ ಕಣ್ಣು ನೋಡಿ, "ಬಲಗಣ್ಣಿಗೆ ಆಪರೇಷನ್ ಬೇಕು, ಅದು ಕಾಯಬಹುದು. ಎಡಗಣ್ಣಿಗೆ ಬೇಗ ಲೇಸರ್ ಆಗಬೇಕು. ಇದೂ ಒಡೆದರೆ ಕಷ್ಟ. ನಿಮ್ಮ ಬೆಂಗಳೂರಿನ ಆಸ್ಪತ್ರೆಗೇ ಕಳಿಸಿ, ಚೀಟಿ ಇದ್ದರೆ ಅದೇ ದಿನ ಮಾಡ್ತಾರೆ" ಎಂದರು.

ಸೋಮವಾರ ಬೆಳಿಗ್ಗೆ ಚೀಟಿ ಕೇಳಿದೆ. ಕೋಆರ್ಡಿನೇಟರ್ ಡ್ರೈವರಣ್ಣನ ಕಣ್ಣಿನ ಹಾಳೆ ತೆಗೆದು ನನ್ನ ಕಡೆ ತಿರುಗಿಸಿದರು. ಸೋಂಕು ಎಂಬ ಕಾಲಮ್ಮಿನಲ್ಲಿ ಕೋಆರ್ಡಿನೇಟರ್ ಅವರದೇ ಗುರುತು, ಕೆಳಗೆ ಅವರದೇ ಸಹಿ.

"ಸೋಂಕಿಗೆ ಲೇಸರ್ ಚೀಟಿ ಕೊಡೋಕೆ ಬರಲ್ಲ ಮೇಡಂ. ರೆಕಾರ್ಡ್ ಅಂತ ಒಂದಿರುತ್ತೆ. ಜೊತೆಗೆ, ನಿದ್ದೆ ಬಂತು ಅಂತ ಅವನೇ ಬರ್ಕೊಟ್ಟಿದಾನೆ."

ನನ್ನ ಗುರುತಿನ ಕಾರ್ಡಿನ ಹಿಂಬದಿಯಲ್ಲಿ, ತುರ್ತು ಇದ್ದರೆ ಕರೆಯಲು, ಬೆಂಗಳೂರಿನ ಹಿರಿಯ ಡಾಕ್ಟರ ಫೋನ್ ನಂಬರು ಇತ್ತು. ಸಂಶೋಧನೆಗೆಲ್ಲ ಅವರೇ ಮೇಲಿನವರು. ಆ ಕ್ಷಣವೇ ಹೊರಗೆ ಹೋಗಿ ಫೋನ್ ಮಾಡಬಹುದಿತ್ತು. ಕಾರ್ಡನ್ನು ತಿರುಗಿಸಿ ನೋಡಿದೆ ಕೂಡ. ಆಮೇಲೆ ನೆನಪಾಯಿತು, ಗುರುವಾರ ಆ ಹಿರಿಯ ಡಾಕ್ಟರು ಕೆಲಸ ಪರಿಶೀಲಿಸಲು ನಮ್ಮ ಆಫೀಸಿಗೇ ಬರುವವರಿದ್ದರು. ಫೋನ್ ಮಾಡಿದರೆ ಈತ ಏನೋ ಒಂದು ಕಾರಣ ಹೇಳಿ ನುಣುಚಿಕೊಳ್ಳುತ್ತಾನೆ. ಎಲ್ಲರೆದುರು ಆಗಬೇಕು. ಮುಖ ನೋಡಬೇಕು. ಕಾರ್ಡನ್ನು ಮತ್ತೆ ಕತ್ತಿಗೆ ಹಾಕಿಕೊಂಡೆ.

ಸೋಮವಾರ, ಮಂಗಳವಾರ, ಬುಧವಾರ. ಆ ಮೂರು ದಿನ ನಾನು ಬೂಜನ್ನು ನೋಡಿಕೊಂಡು ಕೂತೆ. ಅದು ಈಗ ಅಂಗೈ ಅಗಲವಾಗಿತ್ತು, ಫ್ಯಾನ್ ಹಾಕಿದರೆ ಆಡುತ್ತಿತ್ತು. ಡ್ರೈವರಣ್ಣ ಊರಿನಲ್ಲಿ ಮಲಗಿದ್ದರು. ಸಂಜೆ ಸಂಜೆ ಫೋನ್ ಮಾಡಿ "ಎಡಗಣ್ಣು ಹೇಗಿದೆ?" ಎನ್ನುತ್ತಿದ್ದೆ. "ಇದೆ ಪಾಪ, ಇದೆ. ಗಡಿಯಾರದ ಮುಳ್ಳು ಕಾಣ್ತಿದೆ" ಎನ್ನುತ್ತಿದ್ದರು. ಫೋನ್ ಇಟ್ಟ ಮೇಲೆ ಉಸಿರು ಬಿಡುತ್ತಿದ್ದೆ. ಆದರೆ ಹಿರಿಯ ಡಾಕ್ಟರ ನಂಬರನ್ನು ಒತ್ತುತ್ತಿರಲಿಲ್ಲ.

ಗುರುವಾರ ಕಾರಿನಲ್ಲಿ ಬಂದ ಹಿರಿಯ ಡಾಕ್ಟರು ಮಾತು ಕಡಿಮೆಯ ಹೆಂಗಸು. ಕನ್ನಡ ಬರುತ್ತಿತ್ತು, ಆದರೆ ಬೆಂಗಳೂರಿನ ಆಸ್ಪತ್ರೆಯ ಕನ್ನಡ. ಕೋಆರ್ಡಿನೇಟರ್ ತನ್ನ ಕುರ್ಚಿಯಲ್ಲಿ ಕೂತು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ತೋರಿಸತೊಡಗಿದ. ಲ್ಯಾಪ್‌ಟಾಪ್ ನನ್ನ ಕೈಯಲ್ಲಿತ್ತು. ಒಂದು ಹಂತದಲ್ಲಿ ಜಿಲ್ಲೆಯ ನಕ್ಷೆ ಬಂತು. ಮಾಲೂರಿನ ಕಡೆ ಬಿಳಿ, ಕೋಲಾರದಲ್ಲಿ ತೆಳುಗೆಂಪು, ಶ್ರೀನಿವಾಸಪುರ ಮತ್ತು ಮುಳಬಾಗಿಲಿನಲ್ಲಿ ಗಾಢಗೆಂಪು.

"ಇದೊಂದು ಹೊಸ ವಿಷಯ ಸಿಕ್ಕಿದೆ ಮೇಡಂ. ಆಂಧ್ರದ ಗಡಿ ಕಡೆ ಹೋದ ಹಾಗೆಲ್ಲ ಕಣ್ಣಿನ ಫಂಗಲ್ ಸೋಂಕು ಜಾಸ್ತಿ ಆಗ್ತಾ ಹೋಗುತ್ತೆ. ನೀರೋ, ಧೂಳೋ, ನೋಡ್ಬೇಕು. ಬೇರೆಯದೇ ಒಂದು ಪೇಪರ್ ಬರೀಬಹುದು."

ನನಗೆ ನಗು ಬಂತು. ಹೊಟ್ಟೆಯೊಳಗಿನಿಂದ ಕೆಟ್ಟ ನಗು. ಅದು ರೋಗದ ನಕ್ಷೆಯಾಗಿರಲಿಲ್ಲ. ತೆಲುಗಿನ ನಕ್ಷೆಯಾಗಿತ್ತು.

ನಾನು ಮೊದಲೇ ಸೇರಿಸಿಟ್ಟಿದ್ದ ಮುಂದಿನ ಚಿತ್ರಕ್ಕೆ ಗುಂಡಿ ಒತ್ತಿದೆ. ಗೋಡೆಯ ಮೇಲೆ ಡ್ರೈವರಣ್ಣನ ಬಲಗಣ್ಣು ಬಂತು, ರಕ್ತದ ದೋಣಿಯ ಸಮೇತ, ಆಳೆತ್ತರಕ್ಕೆ.

"ಇದು ಯಾರ ಕಣ್ಣು?" ಹಿರಿಯ ಡಾಕ್ಟರು ಮುಂದಕ್ಕೆ ಬಾಗಿದರು.

"ನಮ್ಮ ಡ್ರೈವರ್‌ದು ಮೇಡಂ," ಎಂದೆ. "ಒಡೆಯೋಕೆ ಮುಂಚೆ ಸಾರ್ ಹತ್ರ ಹೇಳಿದ್ರು."

"ಏನಂತ ಹೇಳಿದ್ರು?"

ಕೋಆರ್ಡಿನೇಟರ್ ನನ್ನನ್ನೊಮ್ಮೆ ನೋಡಿ, "ಫಂಗಲ್ ಅಂತಲೇ ಹೇಳಿದ್ದ ಮೇಡಂ. ಅವನದೇ ಮಾತು. ಬೂಜು ಅಂದ. ನಾನು ಬರ್ಕೊಂಡೆ," ಎಂದ.

ಅಷ್ಟು ಹೊತ್ತಿಗೆ ಗುಡಿಸುವ ಅಕ್ಕ ಟೀ ಲೋಟಗಳ ತಟ್ಟೆ ಹಿಡಿದು ಒಳಗೆ ಬಂದಿದ್ದಳು. ಅವಳನ್ನು ಆ ಹೊತ್ತಿಗೆ ಬರಹೇಳಿದ್ದು ನಾನೇ. ಏಕೆಂದು ಹೇಳಿರಲಿಲ್ಲ.

"ಅಕ್ಕ, ಬೂಜು ಅಂದ್ರೆ ಏನು?" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅವಳು ಬೆಚ್ಚಿದಳು. ತನ್ನನ್ನು ದೊಡ್ಡವರೆದುರು ಬಯ್ಯಲು ಕರೆಸಿದ್ದಾರೆ ಎಂದುಕೊಂಡಳು. "ಅಯ್ಯೋ, ನಾನು ಹೊಡೀತಿದ್ದೆನಮ್ಮ! ನೀನೇ ತಾನೇ ಬಿಡು ಅಂದಿದ್ದು? ಸಾಕ್ತೀನಿ ಅಂದೆ!" ಎಂದು ತಟ್ಟೆ ಹಿಡಿದ ಕೈಯ ಮೊಣಕೈಯಿಂದಲೇ ಮೇಲೆ ತೋರಿಸಿದಳು. "ಅಗೋ, ಸಾರ್ ತಲೆ ಮೇಲೆ ಐತಲ್ಲ, ಅದು!"

ಎಲ್ಲರೂ ತಲೆ ಎತ್ತಿದರು. ಕೊನೆಗೆ ಆತನೂ ಎತ್ತಿದ. ಫ್ಯಾನಿನ ಗಾಳಿಗೆ ಬೂಜು ಎಳೆ ಎಳೆಯಾಗಿ ಆಡುತ್ತಿತ್ತು. ಹಿರಿಯ ಡಾಕ್ಟರು ಅದನ್ನು ನೋಡಿದರು, ಗೋಡೆಯ ಮೇಲಿನ ಕಣ್ಣನ್ನು ನೋಡಿದರು, ನನ್ನ ಕೈಯಿಂದ ಲ್ಯಾಪ್‌ಟಾಪ್ ತೆಗೆದುಕೊಂಡು ಹಿಂದಿನ ನಕ್ಷೆಗೆ ಹೋದರು. ಗಾಢಗೆಂಪಿನ ಮೇಲೆ ಬೆರಳಿಟ್ಟರು.

"ಇವರಿಗೆಲ್ಲ ಡ್ರಾಪ್ಸ್ ಕೊಟ್ಟು ಕಳಿಸಿದ್ದೀರಾ?"

"ನಂಗೆ ಯಾರೂ ಹೇಳ್ಲಿಲ್ಲ ಮೇಡಂ," ಎಂದ ಕೋಆರ್ಡಿನೇಟರ್. ಅವನ ಮುಖ ನಾನು ಬಯಸಿದ ಹಾಗೆಯೇ ಆಗಿತ್ತು. ಬಣ್ಣ ಇಳಿದು, ತುಟಿ ಒಣಗಿ, ಒಂದೇ ಸಲಕ್ಕೆ ಹತ್ತು ವರ್ಷ ವಯಸ್ಸಾದ ಹಾಗೆ. ಮೂರು ದಿನ ಕಾದಿದ್ದು ಸಾರ್ಥಕವಾಯಿತು ಎಂದುಕೊಂಡೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಹಾಗೇ ಅಂದುಕೊಂಡೆ.

ಹಿರಿಯ ಡಾಕ್ಟರು ಅಲ್ಲೇ ಚೀಟಿ ತರಿಸಿ ತಾವೇ ಸಹಿ ಹಾಕಿದರು. ಅದನ್ನು ನನಗೆ ಕೊಡುವಾಗ ಕೇಳಿದರು: "ಈ ಫೋಟೋ ಯಾವತ್ತು ತೆಗೆದದ್ದು?"

"ಶುಕ್ರವಾರ ಮೇಡಂ."

"ಇವತ್ತು ಗುರುವಾರ. ನಿಮ್ಮ ಕಾರ್ಡಿನ ಹಿಂದೆ ನನ್ನ ನಂಬರ್ ಇದೆಯಲ್ವಾ?"

ನನ್ನ ಕೈ ಕತ್ತಿನ ಕಾರ್ಡಿಗೆ ಹೋಯಿತು. ಅವರು ಉತ್ತರಕ್ಕೆ ಕಾಯದೆ ಮತ್ತೆ ನಕ್ಷೆಯ ಕಡೆ ತಿರುಗಿದರು.

ಮರುದಿನ ಬೆಂಗಳೂರಿನಲ್ಲಿ ಡ್ರೈವರಣ್ಣನ ಎಡಗಣ್ಣಿಗೆ ಲೇಸರ್ ಆಯಿತು. ಮಂಜಿಗೆ ಕಣ್ಣಿನೊಳಗೇ ಇಂಜೆಕ್ಷನ್ ಕೊಟ್ಟರು. "ಇನ್ನೊಂದು ವಾರ ಬಿಟ್ಟಿದ್ರೆ ಹೇಳೋಕಾಗ್ತಿರ್ಲಿಲ್ಲ" ಎಂದು ಅಲ್ಲಿನ ಡಾಕ್ಟರು ಡ್ರೈವರಣ್ಣನಿಗೆ ಹೇಳುವಾಗ ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಲಗಣ್ಣಿಗೆ ಆಮೇಲೆ ಆಪರೇಷನ್ ಆಯಿತು. ಅದರಲ್ಲಿ ಈಗ ಎದುರು ಹಿಡಿದ ಬೆರಳು ಎಷ್ಟೆಂದು ಹೇಳುತ್ತಾರೆ, ಅಷ್ಟೇ.

ಶಬ್ದಪಟ್ಟಿ ಹೋಯಿತು. ಅದರ ಜಾಗದಲ್ಲಿ "ರೋಗಿಯ ಮಾತಿನಲ್ಲಿ" ಎಂಬ ಒಂದು ಖಾಲಿ ಚೌಕ ಬಂತು. ಬೂಜು ಎಂದು ಹೇಳಿ ವಾಪಸು ಹೋಗಿದ್ದವರ ಮನೆಗಳಿಗೆ ಮತ್ತೆ ಹೋಗುವ ಕೆಲಸ ನನಗೆ ಬಂತು. ಹೆಚ್ಚಿನವರು ಸಿಕ್ಕರು, ಹಲವರಿಗೆ ಲೇಸರ್ ಆಯಿತು. ನಂಗಲಿಯ ಹತ್ತಿರ ಒಬ್ಬ ಅಜ್ಜಿ ನನ್ನ ಧ್ವನಿ ಕೇಳಿದ ಕೂಡಲೇ ಗೂಡಿನಿಂದ ಖಾಲಿ ಬಾಟಲಿ ತಡವಿ ತೆಗೆದಳು. ಅದರ ಮೇಲೆ ನನ್ನ ಅಕ್ಷರ.

"ಡ್ರಾಪ್ಸ್ ಕೊಟ್ಟ ಪಾಪಾನಾ ನೀನು? ಮೂರು ಹೊತ್ತೂ ಬಿಡ್ದೆ ಹಾಕ್ಕೊಂಡೆ ಕಣಮ್ಮ. ಬೂಜು ಹೋಯ್ತು. ಈಗ ಬರೀ ಕತ್ಲೆ."

ಅವಳ ಎರಡೂ ಕಣ್ಣಿನ ಪರದೆ ಕಿತ್ತು ಸುರುಟಿಕೊಂಡಿತ್ತು. ಆ ಬಾಟಲಿಯನ್ನು ಕೇಳಿ ತಂದುಕೊಂಡೆ. ನನ್ನ ಮೇಜಿನ ಮೇಲೆ ಇದೆ.

ಕೋಆರ್ಡಿನೇಟರ್‌ಗೆ ಏನಾಯಿತು ಎಂದು ಕೇಳುವವರಿಗೆ ಹೇಳಲು ನನಗೆ ನಾಚಿಕೆ. ಏನೂ ಆಗಲಿಲ್ಲ. ಬೇರೆ ಜಿಲ್ಲೆಯಲ್ಲಿ ಬೇರೆ ಸಂಶೋಧನೆಗೆ ಹೋದ. ಹಲ್ಲಿನದೋ ಮೂಳೆಯದೋ. ಆಫೀಸಿನ ಹಳೆಯ ವಾಟ್ಸ್ಯಾಪ್ ಗುಂಪಿನಲ್ಲಿ ಇವತ್ತಿಗೂ ಇದ್ದಾನೆ. ಯುಗಾದಿಗೆ, ಗೌರಿ ಹಬ್ಬಕ್ಕೆ, ದೀಪಾವಳಿಗೆ ದೀಪ ಹೂವುಗಳ ಚಿತ್ರ ಹಾಕಿ ಎಲ್ಲರಿಗೂ ಶುಭಾಶಯ ಹೇಳುತ್ತಾನೆ. ಆಗ ನಾನು ಅವನೊಬ್ಬನಿಗೇ, ಬೇರೆಯಾಗಿ, ಡ್ರೈವರಣ್ಣನ ಬಲಗಣ್ಣಿನ ಫೋಟೋ ಕಳಿಸುತ್ತೇನೆ. ಒಂದಕ್ಷರ ಬರೆಯುವುದಿಲ್ಲ. ನೋಡಿದ್ದಾನೆಂಬ ಗುರುತಿಗೆ ಎರಡು ನೀಲಿ ಗೆರೆ ಬೀಳುತ್ತವೆ. ಉತ್ತರ ಬಂದಿಲ್ಲ. ಪ್ರತಿ ಹಬ್ಬಕ್ಕೂ ಕಳಿಸಿದ್ದೇನೆ.

ಮೊದಲ ಸಲ ಕಳಿಸುವ ಮುಂಚೆ ಡ್ರೈವರಣ್ಣನನ್ನು ಕೇಳಿದ್ದೆ. "ನನ್ ಕಣ್ಣು ತಾನೇ? ಕಳ್ಸು. ದೊಡ್ಡದಾಗೇ ಕಳ್ಸು," ಎಂದಿದ್ದರು. ಅವರ ಲೈಸೆನ್ಸ್ ಹೋಯಿತು. ಈಗ ಊರಿನಲ್ಲೇ ಇದ್ದಾರೆ. ಗಾಡಿ ಓಡಿಸಲು ನನಗೆ ಕಲಿಸಿದವರು ಅವರೇ, ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ತುಳಿಯುತ್ತ. ವರ್ಷಕ್ಕೆ ಕೆಲವು ಸಲ ನಾನೇ ಅವರನ್ನು ಕೂರಿಸಿಕೊಂಡು ಬಂದು ಎಡಗಣ್ಣಿನ ಫೋಟೋ ತೆಗೆಯುತ್ತೇನೆ. ವೈಪರ್ ಹಾಕಬೇಕಾಗಿ ಬಂದರೆ ಇಬ್ಬರೂ ಮಾತು ನಿಲ್ಲಿಸುತ್ತೇವೆ. ಮಳೆ ಜೋರಾಗಿದ್ದರೆ ಗಾಡಿಯನ್ನೇ ನಿಲ್ಲಿಸುತ್ತೇನೆ.

ಹೋದ ತಿಂಗಳು ತೆಗೆದ ಫೋಟೋ ಇಷ್ಟು ದಿನಗಳಲ್ಲೇ ಚೆನ್ನಾಗಿ ಬಂದದ್ದು. ಜಡೆಗಟ್ಟಿದ್ದ ನಾಳಗಳೆಲ್ಲ ಒಣಗಿ ಹಿಂದಕ್ಕೆ ಸರಿದಿವೆ. ಲೇಸರಿನ ಗುರುತುಗಳು ಸುತ್ತಲೂ ಚುಕ್ಕಿ ಇಟ್ಟ ಹಾಗಿವೆ. ನಡುವಿನ ಬಯಲು ತೆರವಾಗಿದೆ. ಪರದೆಯನ್ನು ಅವರ ಕಡೆ ತಿರುಗಿಸಿದೆ. ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು.

"ಇದು ಉಳ್ಕೊಂಡಿದ್ದಾ?"

"ಹೂಂ ಅಣ್ಣ. ಇದೇ."

"ಚೆನ್ನಾಗಿದೆಯಲ್ಲ. ಹುಣ್ಣಿಮೆ ಚಂದ್ರನ ಹಾಗೆ." ಪರದೆಯಿಂದ ಹಿಂದೆ ಸರಿದು ಹೇಳಿದರು: "ಈ ಹಬ್ಬಕ್ಕೆ ಆಯಪ್ಪಂಗೆ ಇದನ್ನ ಕಳ್ಸು ಪಾಪ."

"ಯಾಕಣ್ಣಾ? ಖುಷಿಪಡ್ಲಿ ಅಂತಾನಾ?"

"ಪಡ್ಲಿ ಬಿಡು. ಅದನ್ನೇ ಎಷ್ಟು ಸಲ ನೋಡ್ತಾನೆ? ಒಂದು ಹೋಯ್ತು, ಒಂದು ಐತೆ. ಎರಡೂ ನೋಡ್ಲಿ."

ಆಗಲಿ ಎಂದೆ. ಫೋಟೋವನ್ನು ಫೋನಿಗೆ ಹಾಕಿಕೊಂಡೆ.

ಹಬ್ಬ ಬಂತು. ಎಂದಿನಂತೆ ಬೆಳಿಗ್ಗೆಯೇ ಗುಂಪಿನಲ್ಲಿ ಅವನ ದೀಪಗಳು ಬಂದವು. ಎಡಗಣ್ಣಿನ ಫೋಟೋ ತೆರೆದು ಬಹಳ ಹೊತ್ತು ನೋಡಿದೆ. ಇದನ್ನು ನೋಡಿದರೆ ಅವನು ಆ ಇಡೀ ದಿನ ನೆಮ್ಮದಿಯಿಂದ ಇರುತ್ತಾನೆ. ಆ ಮೂರು ದಿನಗಳ ಕಾರಣಕ್ಕೆ ನನಗೇ ಇಲ್ಲದ ನೆಮ್ಮದಿಯನ್ನು ಅವನಿಗೆ ನನ್ನ ಕೈಯಾರೆ ಕೊಡಬೇಕೇ?

ಬಲಗಣ್ಣನ್ನೇ ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು.

ಸಂಜೆ ಡ್ರೈವರಣ್ಣ ಫೋನ್ ಮಾಡಿ "ಕಳಿಸಿದ್ಯಾ ಪಾಪ?" ಎಂದರು.

"ಕಳಿಸ್ದೆ ಅಣ್ಣ," ಎಂದೆ.